ಜಂತಿ ಮನೆಗೊಂದು ಪುಸ್ತಕ



ಈ ದತ್ತಿ ಭಾಷಣದಲ್ಲಿ ವಾಸ್ತುಶಿಲ್ಪ, ವಸತಿ, ನಗರ ವಿನ್ಯಾಸದ ಹೊಸ ಪುಸ್ತಕಗಳ ಬಗ್ಗೆ ಮಾತಾಡಿ ಎಂದು ಕೇಳಿದ್ದೀರಿ. ಈ ಸಭೆಯಲ್ಲಿ ಮನೆ ಕಟ್ಟಿಸಿದವರು ಬಹಳ ಜನ ಇದ್ದೀರಿ, ಕಟ್ಟಿದ ಗೌಂಡಿಗಳೂ ಇದ್ದೀರಿ. ಹಾಗಾಗಿ ಒಂದೊಂದೇ ಪುಸ್ತಕ ಪರಿಚಯಿಸುವುದನ್ನು ಬಿಟ್ಟು, ಅವನ್ನು ನಮ್ಮ ಜಂತಿ ಮನೆಯ ಪಡಸಾಲೆಯಲ್ಲಿ ಕೂತು ಓದಿದರೆ ಏನು ಕಾಣುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ಕಲ್ಲಿನ ಕಟ್ಟಡಗಳ ಮಟ್ಟಿಗೆ ನಮ್ಮ ಕೊಪ್ಪಳ ಜಿಲ್ಲೆಗೆ ಪುಸ್ತಕಗಳ ಕೊರತೆಯಿಲ್ಲ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಅಲ್ಲಿನ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯಿತು. ಹೆನ್ರಿ ಕಸೆನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲೆ 1926ರಲ್ಲೇ ದೊಡ್ಡ ಗ್ರಂಥ ತಂದ. ಆ್ಯಡಂ ಹಾರ್ಡಿ 1995ರಲ್ಲಿ ಕರ್ಣಾಟ ದ್ರಾವಿಡ ಪರಂಪರೆಯನ್ನು ವಿಮಾನದ ಒಂದೊಂದು ತಲವನ್ನೂ ಬಿಡಿಸಿ ಬರೆದ. ಹೊಳೆಯಾಚೆಯ ವಿಜಯನಗರವನ್ನು ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ 1980ರಿಂದ ವರ್ಷಗಟ್ಟಲೆ ಅಳೆದರು. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದವು. ಸತ್ತವರಿಗೆ ಚಪ್ಪಡಿಗಲ್ಲಿನಲ್ಲಿ ಕಟ್ಟಿದ ಮನೆಗಳಿಗೂ ಅಳತೆ ಹಿಡಿದವರಿದ್ದಾರೆ. ಇಟಗಿ ಗುಡಿಯ ನೆರಳಿನಲ್ಲೇ ಬಾಳುವೆ ಮಾಡಿದವರ ಮನೆಗೆ ಅಷ್ಟು ಶ್ರದ್ಧೆ ಸಿಗಲಿಲ್ಲ.

ಆ ಜಂತಿ ಮನೆ ಸಾಮಾನ್ಯದ್ದಲ್ಲ. ಎರಡು ಅಡಿಗೂ ದಪ್ಪನೆಯ ಕಲ್ಲುಮಣ್ಣಿನ ಗೋಡೆ, ಕಂಬ, ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಸೊಪ್ಪು, ಮೇಲೊಂದು ದಪ್ಪ ಮಣ್ಣಿನ ಹೊದಿಕೆ. ಮೇಲ್ಮುದ್ದೆಗೆ ಹುಡುಕಿ ತರುತ್ತಿದ್ದದ್ದು ಸವಳು ಮಣ್ಣು. ಹೊಲದವನಿಗೆ ಬೇಡವಾದ ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದರೆ ಅದು ಹಿಗ್ಗಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಹೊಸ ಮಣ್ಣು ಹಾಕಿ, ಇಳಿಜಾರು ನೋಡಿ, ಮಳೆನೀರು ಹರಿದುಹೋಗುವ ದೋಣಿಯ ಬಾಯಿ ಬಿಡಿಸುವುದು ಮನೆತನದ ಕೆಲಸವಾಗಿತ್ತು. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು ಆ ಗೋಡೆ, ಆ ಮಾಳಿಗೆ ದಾಟಿ ಒಳಗೆ ಬರುವ ಹೊತ್ತಿಗೆ ರಾತ್ರಿ ಆಗಿರುತ್ತಿತ್ತು. ಅಷ್ಟರಲ್ಲಿ ಮನೆಮಂದಿ ಹಾಸಿಗೆ ಹೊತ್ತುಕೊಂಡು ಮಾಳಿಗೆ ಏರಿರುತ್ತಿದ್ದರು. ಒಳಗೆ ಬೆಳಕಿಂಡಿ, ನೆಲದಡಿ ಕಾಳಿಗೆ ಹಗೇವು, ಮುಂದೆ ದನಕ್ಕೆ ದಂದಕ್ಕಿ, ಬೀದಿಗೆ ಕಟ್ಟೆ. ಹವೆ, ಉಳುಮೆ, ನೆರೆಹೊರೆ ಮೂರನ್ನೂ ಲೆಕ್ಕಕ್ಕೆ ಹಿಡಿದ ವಿನ್ಯಾಸ ಇದು.

ಈಗ ಹೊಸ ಪುಸ್ತಕಗಳತ್ತ ಬನ್ನಿ. ಬುರ್ಕಿನಾ ಫಾಸೋದ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಅವರ ಕೆಲಸದ ಚಿತ್ರಗಳನ್ನು ತೆರೆದರೆ ನಮ್ಮ ಸೀಮೆಯ ಬಿಸಿಲೇ ಕಣ್ಣಿಗೆ ಹೊಡೆಯುತ್ತದೆ. ತಮ್ಮ ಹುಟ್ಟೂರು ಗಾಂಡೋದಲ್ಲಿ 2001ರಲ್ಲಿ ಅವರು ಊರವರ ಕೈಯಿಂದಲೇ ಮಣ್ಣಿನ ಇಟ್ಟಿಗೆಯ ಶಾಲೆ ಕಟ್ಟಿದರು. ಚಾವಣಿಯ ಮೇಲೆ ಅಂತರ ಬಿಟ್ಟು ತಗಡಿನ ಇನ್ನೊಂದು ಮಾಡು ಎತ್ತಿದರು. ಬಿಸಿಗಾಳಿ ನಡುವಿನಿಂದ ಹೊರಟುಹೋಗುತ್ತದೆ, ಮಕ್ಕಳು ತಂಪಿನಲ್ಲಿ ಓದುತ್ತಾರೆ. 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ಪ್ರಿಟ್ಜ್ಕರ್ ಪ್ರಶಸ್ತಿ ಬಂತು. ಜಗತ್ತು ಮಣ್ಣಿನ ಗೋಡೆಯನ್ನು ಹೀಗೆ ಗೌರವಿಸುತ್ತಿರುವಾಗ ನಾವು ಅದನ್ನು ಬಡತನದ ಗುರುತೆಂದು ಕೆಡವುತ್ತಿದ್ದೇವೆ. ನನಗೆ ಇದು ಸಂಕಟದ ಸಂಗತಿ.

ಕೆಡವುವವರಿಗೆ ಕಾರಣವೂ ಇದೆ, ಅದನ್ನು ಮುಚ್ಚಿಡಬಾರದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಿಡದೆ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ನೆನೆದ ಮಾಳಿಗೆಯ ಭಾರಕ್ಕೆ ಗೆದ್ದಲು ತಿಂದ ಜಂತಿ ಮುರಿದ ಮನೆಯವರ ಮುಂದೆ ನಿಂತು ಪರಂಪರೆಯ ಸೊಗಸು ಹೇಳುವ ಅಧಿಕಾರ ಯಾರಿಗೂ ಇಲ್ಲ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ ನೈಲ್ ದಂಡೆಯ ಗೂರ್ನಾದಲ್ಲಿ 1940ರ ದಶಕದಲ್ಲಿ ಬಡವರಿಗಾಗಿ ಮಣ್ಣಿನ ಸುಂದರ ಊರು ಕಟ್ಟಿದರು. ಜನ ಅಲ್ಲಿಗೆ ಬರಲು ಒಪ್ಪಲಿಲ್ಲ. ಆ ಕಥೆಯನ್ನು ಫಾತಿಯವರೇ ಪುಸ್ತಕ ಮಾಡಿದ್ದಾರೆ. ಮಣ್ಣನ್ನು ಪ್ರೀತಿಸುವವರು ಮೊದಲು ಓದಬೇಕಾದ್ದು ಅದನ್ನು.

ಹಾಗೆಂದು ನಾಲ್ಕೈದು ಇಂಚಿನ ಸ್ಲ್ಯಾಬೇ ಉತ್ತರವೇ? ಅದು ಸಂಜೆತನಕ ಕಾಯ್ದು ರಾತ್ರಿಯೆಲ್ಲ ಮಲಗಿದವರ ಮೇಲೆ ಸೆಕೆ ಇಳಿಸುತ್ತದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಿಂದ ಕೊಡುತ್ತಿರುವುದು ಬಯಲುಸೀಮೆಯಲ್ಲಿ 1.20 ಲಕ್ಷ ರೂಪಾಯಿ. ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ, ಅಡುಗೆ ಜಾಗವೂ ಸೇರಿ. ಕುಷ್ಟಗಿ ಸೀಮೆಯ ಒಬ್ಬ ರೈತ ಅದರಲ್ಲಿ ಸಜ್ಜೆಯ ಚೀಲ ಎಲ್ಲಿಡಬೇಕು, ಎತ್ತು ಎಲ್ಲಿ ಕಟ್ಟಬೇಕು? ಚಿಲಿ ದೇಶದ ಅಲೆಹಾಂದ್ರೊ ಅರವೇನಾ ಇಂಥ ಕಡಿಮೆ ಹಣದ ಪ್ರಶ್ನೆಯನ್ನೇ ಎದುರಿಸಿ, ಇಕಿಕೆ ಎಂಬ ಊರಿನಲ್ಲಿ ಬಡವರಿಗೆ ಅರ್ಧ ಮನೆ ಕಟ್ಟಿಕೊಟ್ಟರು. ಕಷ್ಟದ ಅರ್ಧ ಸರ್ಕಾರದ್ದು, ಉಳಿದರ್ಧ ಬೆಳೆಸಲು ಜಾಗ ಬಿಟ್ಟದ್ದು. ಆಂಡ್ರೆಸ್ ಯಾಕೊಬೆಲಿ ಜೊತೆ 2012ರಲ್ಲಿ ತಂದ ಕೈಪಿಡಿಯಲ್ಲಿ ಅದರ ವಿವರವಿದೆ. ನಮ್ಮ ಬಿ.ವಿ. ದೋಶಿ ಇಂದೋರಿನ ಅರಣ್ಯ ಬಡಾವಣೆಯಲ್ಲಿ 1980ರ ದಶಕದಲ್ಲೇ ಅಡಿಪಾಯ, ಶೌಚಾಲಯ ಕೊಟ್ಟು ಮೇಲಿನದನ್ನು ಜನರಿಗೆ ಬಿಟ್ಟಿದ್ದರು. ನಮ್ಮೂರ ಮನೆಗಳೂ ಹೀಗೇ ಬೆಳೆದವು: ಮಗನ ಮದುವೆಗೊಂದು ಅಂಕಣ, ಸುಗ್ಗಿ ಚೆನ್ನಾದ ವರ್ಷ ಒಂದು ಕೋಣೆ.

ಕರ್ನಾಟಕದೊಳಗೂ ದಾರಿ ತೋರಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ, ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಒತ್ತಿದ ಬ್ಲಾಕುಗಳ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿತು. ಅಲ್ಲಿನ ಕೆ.ಎಸ್. ಜಗದೀಶ್ ಅವರ ಪುಸ್ತಕದಲ್ಲಿ ಆ ಅನುಭವದ ಸಾರವಿದೆ. ಆದರೆ ಅದು ಇಂಗ್ಲಿಷಿನಲ್ಲಿದೆ, ಗೌಂಡಿಯ ಕೈಗೆ ಬರುವುದಿಲ್ಲ.

ನಗರ ವಿನ್ಯಾಸದ ಪುಸ್ತಕಗಳದ್ದು ಇನ್ನೊಂದು ಕಥೆ. ಜಾನಕಿ ನಾಯರ್ ಬೆಂಗಳೂರಿನ ಮೇಲೆ 2005ರಲ್ಲಿ ಬರೆದದ್ದು, ರಾಹುಲ್ ಮೆಹ್ರೋತ್ರ ಮುಂಬಯಿಯ ಮೇಲೆ ಬರೆಯುತ್ತ ಬಂದದ್ದು ಎರಡೂ ಮೌಲಿಕ. 2013ರ ಪ್ರಯಾಗದ ಕುಂಭಮೇಳವನ್ನು ಒಂದು ತಾತ್ಕಾಲಿಕ ಮಹಾನಗರವೆಂದು ಅಧ್ಯಯನ ಮಾಡಿ ಮೆಹ್ರೋತ್ರ ತಂಡ ತಂದ ಸಂಪುಟ ಓದುವಾಗ ನನಗೆ ಕೊಪ್ಪಳದ ಗವಿಮಠದ ಜಾತ್ರೆಯೇ ಕಣ್ಮುಂದೆ ಇತ್ತು. ದಾಸೋಹದ ಒಲೆ, ನೀರು, ದಾರಿ, ತಂಗುವ ಜಾಗ ಎಲ್ಲ ನಕ್ಷೆಗೆ ಬರಬೇಕಾದವು. ಆದರೆ 2011ರ ಜನಗಣತಿಯಲ್ಲೇ ಲಕ್ಷ ದಾಟಿದ ಗಂಗಾವತಿಯಂಥ ಊರು ಈ ಪುಸ್ತಕಗಳ ಕಣ್ಣಿಗೆ ಬೀಳುವುದಿಲ್ಲ. ಮುನಿರಾಬಾದಿನ ಅಣೆಕಟ್ಟು 1953ರಲ್ಲಿ ನೀರು ಹಿಡಿದ ಮೇಲೆ ಎಡದಂಡೆ ಕಾಲುವೆ ಭತ್ತ ತಂದಿತು, ಅಕ್ಕಿ ಗಿರಣಿ ತಂದಿತು, ಆಂಧ್ರದಿಂದ ಬಂದವರ ಕ್ಯಾಂಪುಗಳನ್ನು ತಂದಿತು. ನೀರಾವರಿ ಹೇಗೆ ಒಂದು ಪೇಟೆಯ ಬೀದಿಗಳನ್ನು ಬದಲಿಸುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಊರು ಯಾವುದಿದೆ? ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಹಳೆಯ ಮನೆಗಳನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ತಂಗುಮನೆ ಮಾಡಿದ್ದು ಸ್ತುತ್ಯ ಕೆಲಸ. ಹಾಗೆಯೇ ಪ್ರವಾಸಿಗರು ಬಾರದ ಊರಿನ ಮನೆಯೂ ಉಳಿಯಬೇಕು.

ಆದ್ದರಿಂದ ಈ ವೇದಿಕೆಯಿಂದ ಒಂದು ಬೇಡಿಕೆ ಇಡುತ್ತೇನೆ. ದತ್ತಿಯ ಮುಂದಿನ ವರ್ಷಗಳ ಬಡ್ಡಿಯನ್ನು ಭಾಷಣಕ್ಕೆ ಬದಲು ಒಂದು ಪುಸ್ತಕಕ್ಕೆ ಕೊಡಿ. ಅದು ಕನ್ನಡದಲ್ಲಿರಲಿ, ಮನೆಗಳ ಅಳತೆಯ ನಕ್ಷೆಗಳಿರಲಿ. ಮಣ್ಣು ಎಲ್ಲಿಂದ ತಂದರು, ಜಂತಿಗೆ ಯಾವ ಮರ, ದೋಣಿಗೆ ಎಷ್ಟು ಇಳಿಜಾರು, ಇಂದಿನ ಕೂಲಿಯಲ್ಲಿ ಖರ್ಚೆಷ್ಟು ಎಂಬುದು ಗೌಂಡಿಗಳ ಬಾಯಿಂದಲೇ ಬರಲಿ, ಅವರ ಹೆಸರಿನಲ್ಲೇ ಅಚ್ಚಾಗಲಿ. 2009ರಲ್ಲಿ ಬಿದ್ದ ಮನೆ ಏಕೆ ಬಿತ್ತು, ಪಕ್ಕದ್ದು ಏಕೆ ನಿಂತಿತು ಎಂಬುದಕ್ಕೆ ಒಂದು ಇಡೀ ಅಧ್ಯಾಯ ಬೇಕು. ಆವಾಸ್ ಯೋಜನೆಯ ಹಣದಲ್ಲೇ ದಪ್ಪ ಗೋಡೆ, ಗಾಳಿ ಆಡುವ ಎರಡು ಮಾಡು, ದಂದಕ್ಕಿಗೆ ಜಾಗ ಇರುವ ನಾಲ್ಕಾರು ನಮೂನೆಗಳನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗೌಂಡಿಗಳ ಜೊತೆ ಕೂತು ಬರೆಯಲಿ. ಕೆಲಸವನ್ನು ಯಲಬುರ್ಗಾ ಕಡೆಯ ಹಳ್ಳಿಗಳಿಂದ ಆರಂಭಿಸಬಹುದು. ಮೇ ತಿಂಗಳಲ್ಲಿ ಹೊರಡಬೇಕು, ಮಾಳಿಗೆಗೆ ಮಣ್ಣು ಹಾಕುವವರು ಸಿಗುವುದು ಆಗಲೇ.