ಆರು ಮೀಟರಿನ ಮೆಟ್ಟಿಲು

(ಪ್ರಸಾರ: ಮಾರ್ಚ್ 2021)



ಜನವರಿ 21ರ ರಾತ್ರಿ ಶಿವಮೊಗ್ಗದ ಜನ ಭೂಕಂಪ ಆಯ್ತು ಅಂತ ಮನೆ ಬಿಟ್ಟು ಬೀದಿಗೆ ಓಡಿ ಬಂದರು. ಕಿಟಕಿ ಗಾಜು ಒಡೆದವು, ಗೋಡೆ ಬಿರುಕು ಬಿಟ್ಟವು, ಸದ್ದು ಪಕ್ಕದ ಜಿಲ್ಲೆಗಳಿಗೂ ಕೇಳಿಸಿತು. ಅದು ಭೂಕಂಪ ಆಗಿರಲಿಲ್ಲ. ಹುಣಸೋಡು ಕ್ರಷರ್ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿತ್ತು. ಕನಿಷ್ಠ ಐದು ಜೀವ ಹೋಯಿತು. ಆಮೇಲೆ ಸರಿಯಾಗಿ 33 ದಿನ. ಫೆಬ್ರವರಿ 23, ನಡುರಾತ್ರಿ ದಾಟಿದ ಹೊತ್ತು, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ. ಅಲ್ಲಿ ಆರು ಜನ. ಬಚ್ಚಿಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ಸಾಗಿಸಿ ಇಲ್ಲವಾಗಿಸಲು ಹೋದಾಗ ಸ್ಫೋಟ ಆಯಿತು ಅಂತ ಸುದ್ದಿ ಬಂತು.

ಎರಡೂ ಸಲ ನಾವೆಲ್ಲ ಕ್ಯಾಮೆರಾ ಹಿಡಿದು ಓಡಿದೆವು. ಮಂತ್ರಿಗಳು ಬಂದರು, ತನಿಖೆ ಅಂದರು, ಅಕ್ರಮ ಅಂದರು. ಇವತ್ತು ನಾನು ಆ ಎರಡು ಊರಿನ ಬಗ್ಗೆ ಮಾತಾಡಲ್ಲ. ಇನ್ನೂ ಏನೂ ಸಿಡಿಯದ ಊರುಗಳ ಬಗ್ಗೆ ಮಾತಾಡ್ತೀನಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಉಪವಿಭಾಗ.

ಈ ಸೀಮೆಗೆ ದೇವರು ಕೊಟ್ಟಿದ್ದು ಎರಡೇ. ಒಂದು ಬರ, ಇನ್ನೊಂದು ಬಂಡೆ. ರಾಮನಗರದಿಂದ ಹೊರಟು ತುಮಕೂರು, ಮಧುಗಿರಿ, ಪಾವಗಡ ದಾಟಿ ಉತ್ತರಕ್ಕೆ ಹೋಗುವ ಗ್ರಾನೈಟ್ ಪಟ್ಟಿ ಇದು. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಚನ್ನರಾಯನದುರ್ಗ, ಪಾವಗಡದ ಕೋಟೆ ಬೆಟ್ಟ, ನಿಡಗಲ್ಲು, ಎಲ್ಲಾ ಕಲ್ಲೇ. ಮಳೆ ಕೈಕೊಟ್ಟ ವರ್ಷ ಶೇಂಗಾ ಹೊಲದಲ್ಲಿ ಏನೂ ಸಿಗಲ್ಲ. ಆಗ ಬೆಂಗಳೂರು ಬಸ್ಸು ಹತ್ತಬೇಕು, ಇಲ್ಲಾ ಬಂಡೆ ಕೆಲಸಕ್ಕೆ ಹೋಗಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ, ಹೆದ್ದಾರಿಗೆ ಜೆಲ್ಲಿ ಬೇಕು, ಎಂ-ಸ್ಯಾಂಡ್ ಬೇಕು. ಅದು ಆಕಾಶದಿಂದ ಬೀಳಲ್ಲ. ಇಂಥ ಬೆಟ್ಟಗಳಿಂದಲೇ ಬರುತ್ತೆ. ಹಾಗಾಗಿ ಕ್ವಾರಿ ಎಲ್ಲಾ ಮುಚ್ಚಿಬಿಡಿ ಅಂತ ಸ್ಟುಡಿಯೋದಲ್ಲಿ ಕೂತು ಕೂಗೋದು ನನ್ನ ಕೆಲಸ ಅಲ್ಲ. ನನ್ನ ಪ್ರಶ್ನೆ ಬೇರೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕ್ವಾರಿಗೆ ಇಳಿದವನು ಸಂಜೆ ಹತ್ತಿ ಬರ್ತಾನಾ ಅಂತ ನೋಡೋ ಅಧಿಕಾರಿ ಯಾರು?

ಮೊದಲು ಕಾನೂನು ನೋಡೋಣ. ಗಣಿ ಅಂದ ತಕ್ಷಣ ನಮ್ಮ ತಲೆಗೆ ಬರೋದು ಕೆಜಿಎಫ್, ಬಳ್ಳಾರಿ ಅದಿರು, ಸಿಂಗರೇಣಿ ಕಲ್ಲಿದ್ದಲು. ನಮ್ಮೂರ ಕಲ್ಲಿನ ಗುಂಡಿಯೂ ಗಣಿಯೇ ಅಂತ ಎಷ್ಟು ಜನಕ್ಕೆ ಗೊತ್ತು? 2021ರಲ್ಲಿ ಜಾರಿಯಲ್ಲಿದ್ದ 1952ರ ಗಣಿ ಕಾಯ್ದೆಯ ಮೂರನೇ ಕಲಮು ಸಣ್ಣ ಕಲ್ಲುಗುಂಡಿಗಳಿಗೆ ಬಹುಪಾಲು ವಿನಾಯಿತಿ ಕೊಡುತ್ತಿತ್ತು. ಆದರೆ ಷರತ್ತು ಹಾಕಿ ಕೊಡುತ್ತಿತ್ತು. ಗುಂಡಿ ಆರು ಮೀಟರಿಗಿಂತ ಆಳ ಇರಬಾರದು. ಯಾವ ದಿನವೂ ಐವತ್ತಕ್ಕಿಂತ ಹೆಚ್ಚು ಜನ ಕೆಲಸ ಮಾಡಬಾರದು. ಸ್ಫೋಟಕ ಬಳಸಲೇಬಾರದು. ಇದರಲ್ಲಿ ಒಂದು ತಪ್ಪಿದರೂ ವಿನಾಯಿತಿ ಹೋಯಿತು. ಅಂದರೆ ಒಂದೇ ಒಂದು ಕುಳಿ ಕೊರೆದು ಮದ್ದು ತುಂಬಿ ಸಿಡಿಸಿದರೆ, ಇಪ್ಪತ್ತೇ ಜನ ಇರುವ ಕ್ವಾರಿಯೂ ಸಿಂಗರೇಣಿಯ ದೊಡ್ಡ ತೆರೆದ ಗಣಿಯೂ ಒಂದೇ ಕಾಯ್ದೆಯ ಕೆಳಗೆ ಬರುತ್ತಿದ್ದವು. ಎರಡರ ಸುರಕ್ಷತೆ ನೋಡಬೇಕಾದ್ದು ಒಂದೇ ಸಂಸ್ಥೆ, ಕೇಂದ್ರ ಕಾರ್ಮಿಕ ಸಚಿವಾಲಯದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಅದರ ಮುಖ್ಯ ಕಚೇರಿ ಜಾರ್ಖಂಡಿನ ಧನಬಾದಿನಲ್ಲಿ.

ಈಗ ನಿಯಮದ ಒಂದೇ ಒಂದು ಸಾಲು ತಗೊಳ್ಳಿ. 1961ರ ಲೋಹ ಗಣಿ ನಿಯಮಾವಳಿಯ 106ನೇ ನಿಯಮ. ಗಟ್ಟಿ ಕಲ್ಲಿನಲ್ಲೂ ಗೋಡೆಯನ್ನು ನೇರವಾಗಿ ಕಡಿಯೋ ಹಾಗಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡೀಬೇಕು. ಒಂದು ಮೆಟ್ಟಿಲಿನ ಎತ್ತರ ಆರು ಮೀಟರ್ ದಾಟಬಾರದು. ಕೆಳಗೆ ಕೊರೆದು ಮೇಲೆ ಬಂಡೆ ಚಾಚಿಕೊಂಡಿರೋ ಹಾಗೆ ಬಿಡಲೇಬಾರದು.

ಆರೇ ಮೀಟರ್ ಯಾಕೆ? ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಹೇಳಿಬಿಡ್ತೀನಿ. ಮೂವತ್ತು ಮೀಟರ್ ನೇರ ಗೋಡೆಯ ತುದಿಯಿಂದ ಕಲ್ಲು ಜಾರಿದರೆ ಅದು ಕೆಳಗೆ ಬರುವಾಗ ಗಂಟೆಗೆ 87 ಕಿಲೋಮೀಟರ್ ವೇಗದಲ್ಲಿ ಇರುತ್ತೆ. ಹೆದ್ದಾರಿಯಲ್ಲಿ ಬಸ್ ಹೋಗೋ ವೇಗ. ಆರು ಮೀಟರಿಂದ ಬಿದ್ದರೆ 39 ಕಿಲೋಮೀಟರ್. ಎತ್ತರ ಐದು ಪಟ್ಟಾದರೆ ಪೆಟ್ಟಿನ ಶಕ್ತಿಯೂ ಐದು ಪಟ್ಟು. ಮೆಟ್ಟಿಲಿದ್ದರೆ ಮೇಲಿಂದ ಜಾರಿದ ಕಲ್ಲು ಮಧ್ಯದಲ್ಲೇ ನಿಲ್ಲುತ್ತೆ. ಮೆಟ್ಟಿಲಿಲ್ಲದ ಕಡೆ ಅದನ್ನು ನಿಲ್ಲಿಸೋಕೆ ಕೆಳಗೆ ನಿಂತಿರೋ ಮನುಷ್ಯನ ತಲೆ ಬಿಟ್ಟು ಬೇರೇನೂ ಇರಲ್ಲ. ಅಷ್ಟು ಪೆಟ್ಟಿಗೆ ಹೆಲ್ಮೆಟ್ ಏನು ಮಾಡುತ್ತೆ?

ಇದಕ್ಕೆ ದೊಡ್ಡ ತನಿಖಾ ಆಯೋಗ ಬೇಕಿಲ್ಲ ವೀಕ್ಷಕರೇ. ಮುಂದಿನ ಸಲ ಬಸ್ಸಿನಲ್ಲಿ ಹೋಗುವಾಗ ಕಡಿದ ಬೆಟ್ಟ ಕಂಡರೆ ಸುಮ್ಮನೆ ಕಿಟಕಿಯಿಂದ ನೋಡಿ. ಮೆಟ್ಟಿಲು ಕಾಣುತ್ತಾ, ಬೆಣ್ಣೆಗೆ ಚಾಕು ಹಾಕಿದ ಹಾಗೆ ನೇರ ಗೋಡೆ ಕಾಣುತ್ತಾ? ನೇರ ಗೋಡೆ ಕಂಡರೆ ಅಲ್ಲಿ ನಿಯಮ ಮುರಿದಿದೆ ಅಂತ ಬಸ್ಸಿನಲ್ಲಿ ಕೂತವನಿಗೂ ಗೊತ್ತಾಗುತ್ತೆ. ಹಾಗಾದರೆ ಜೀಪಿನಲ್ಲಿ ಹೋಗೋ ಅಧಿಕಾರಿಗೆ ಯಾಕೆ ಗೊತ್ತಾಗಲ್ಲ?

ಉತ್ತರ ಸರಳ. ನೋಡೋದು ತನ್ನ ಕೆಲಸ ಅಂತ ಯಾರೂ ಅಂದುಕೊಂಡಿಲ್ಲ. ಗುತ್ತಿಗೆ ಕೊಡೋದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಅದರ ಗಮನ ರಾಯಲ್ಟಿ ಮೇಲೆ, ಪರ್ಮಿಟ್ ಮೇಲೆ. ಕ್ರಷರ್ ಲೈಸೆನ್ಸ್ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರದ್ದು. ಧೂಳು ಮಾಲಿನ್ಯ ನಿಯಂತ್ರಣ ಮಂಡಳಿಯದು. ಸ್ಫೋಟಕದ ಪರವಾನಗಿ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆಯದು, ಅದು ನಾಗಪುರದಲ್ಲಿದೆ. ಅಕ್ರಮ ಸ್ಫೋಟಕ ಹಿಡಿಯೋದು ಪೊಲೀಸರು. ಕಾರ್ಮಿಕನ ಜೀವ ಧನಬಾದಿನದು! ಒಂದು ಬೆಟ್ಟಕ್ಕೆ ಆರು ಯಜಮಾನರು. ಆರು ಜನ ಕಾಯೋ ಹೊಲವನ್ನು ಹಂದಿ ಮೇಯ್ದ ಹಾಗಾಗಿದೆ. ಪಾವಗಡದ ಕಥೆ ಇನ್ನೂ ಕಷ್ಟ. ಹೆಚ್ಚಿನ ಕಡೆ ಸುತ್ತಲೂ ಆಂಧ್ರ. ಕ್ವಾರಿ ಒಂದು ರಾಜ್ಯದಲ್ಲಿ, ಕೂಲಿಯವನ ಮನೆ ಇನ್ನೊಂದು ರಾಜ್ಯದಲ್ಲಿ. ಗಾಯ ಆದರೆ ಗಡಿಯಾಚೆಯ ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ, ಅವನ ಹೆಸರು ಈ ಕಡೆಯ ಪುಸ್ತಕಕ್ಕೂ ಬರಲ್ಲ, ಆ ಕಡೆಯದಕ್ಕೂ ಬರಲ್ಲ.

ಹಿರೇನಾಗವಲ್ಲಿಯಿಂದ ಕಲಿಯಬೇಕಾದ ಪಾಠ ಒಂದಿದೆ. ಹುಣಸೋಡು ಆದ ಮೇಲೆ ಎಲ್ಲಾ ಕಡೆ ದಾಳಿ ಶುರುವಾಯಿತು. ದಾಳಿ ಬೇಕು, ತಪ್ಪಿಲ್ಲ. ಆದರೆ ವರ್ಷವೆಲ್ಲಾ ಕಣ್ಣು ಮುಚ್ಚಿಕೊಂಡಿದ್ದು ಒಂದು ವಾರ ದಾಳಿ ಮಾಡಿದರೆ ಏನಾಗುತ್ತೆ? ಮಾಲು ರಾತ್ರೋರಾತ್ರಿ ಜಾಗ ಬದಲಿಸುತ್ತೆ. ಅದನ್ನು ಹೊರೋದು ಮಾಲೀಕ ಅಲ್ಲ. ತಿಂಗಳ ಸಂಬಳದವನು, ಕಾವಲುಗಾರ, ಡ್ರೈವರು. ಹೆದರಿಕೆಯಿಂದ ಬಚ್ಚಿಟ್ಟ ಮದ್ದು ಪರವಾನಗಿ ಇರುವ ಮ್ಯಾಗಜೀನಿನಲ್ಲಿ ಇಟ್ಟ ಮದ್ದಿಗಿಂತ ಹೆಚ್ಚು ಅಪಾಯ. ಹಾಗಾಗಿ ದಾಳಿ ಮಾಡೋರು ಒಪ್ಪಿಸೋಕೂ ಒಂದು ದಾರಿ ಇಡಬೇಕು. ಇಂಥ ದಿನದೊಳಗೆ ತಿಳಿಸಿ, ತರಬೇತಿ ಇರುವ ನಮ್ಮವರೇ ಬಂದು ತಗೊಂಡು ಹೋಗ್ತಾರೆ, ನೀವು ಮುಟ್ಟಬೇಡಿ ಅಂತ ಡಂಗುರ ಹೊಡೆಸಬೇಕು.

ಇನ್ನೊಂದು ಮಾತು. ಸ್ಫೋಟ ಆದರೆ ಸುದ್ದಿ ಆಗುತ್ತೆ. ಒಬ್ಬೊಬ್ಬರಾಗಿ ಸತ್ತರೆ ಆಗಲ್ಲ. ಬಂಡೆ ಉರುಳಿ ಒಬ್ಬ, ಕ್ರಷರ್ ಬೆಲ್ಟಿಗೆ ಕೈ ಸಿಕ್ಕಿ ಇನ್ನೊಬ್ಬ, ಟಿಪ್ಪರ್ ಹಿಂದಕ್ಕೆ ಬಂದು ಮತ್ತೊಬ್ಬ. ಪೇಪರಿನ ಒಳಪುಟದಲ್ಲಿ ಎರಡು ಸಾಲು. ಸಾವೇ ಇಷ್ಟು ಸದ್ದಿಲ್ಲದೆ ಹೋದರೆ ಧೂಳಿನಿಂದ ಬರೋ ಸಾವು ಕೇಳೋರು ಯಾರು? ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋಗಿ ಬರುವ ಸಿಲಿಕೋಸಿಸ್ ಹೊಸ ರೋಗ ಅಲ್ಲ. ಕೆಜಿಎಫ್ ಚಿನ್ನದ ಗಣಿಯಲ್ಲಿ ಅದು ಸ್ವಾತಂತ್ರ್ಯಕ್ಕೆ ಮೊದಲೇ ಪತ್ತೆಯಾಗಿತ್ತು. 1940ರಲ್ಲೇ ಮೈಸೂರು ಸಂಸ್ಥಾನ ಅದಕ್ಕೆ ನಿಯಮ ಮಾಡಿತ್ತು. ಎಂಬತ್ತಕ್ಕೂ ಹೆಚ್ಚು ವರ್ಷ ಆಯಿತು. ಈಗಲೂ ಕೆಮ್ಮಿಕೊಂಡು ಬಂದ ಕಲ್ಲು ಕೆಲಸದವನಿಗೆ ಟಿಬಿ ಇರಬೇಕು ಅಂತ ಮಾತ್ರೆ ಕೊಟ್ಟು ಕಳಿಸಿದರೆ, ಅವನಿಗೆ ಸಿಗಬೇಕಾದ ಹಕ್ಕೂ ಆ ಚೀಟಿಯ ಜೊತೆಗೇ ಹೋಗುತ್ತೆ. ಕುಳಿ ಕೊರೆಯುವಾಗ ನೀರು ಹಾಯಿಸಿದರೆ ಬಹುಪಾಲು ಧೂಳು ಅಲ್ಲೇ ಕೂರುತ್ತೆ. ಆದರೆ ಕುಡಿಯೋಕೇ ಟ್ಯಾಂಕರ್ ಕಾಯೋ ಊರಲ್ಲಿ ಕೊರೆಯೋಕೆ ನೀರು ತರೋದು ಖರ್ಚು. ಆ ಖರ್ಚನ್ನು ಕೂಲಿಯವನ ಶ್ವಾಸಕೋಶ ಕಟ್ತಾ ಇದೆ.

ಈಗ ದುಡ್ಡಿನ ಮಾತು. ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಹುಣಸೋಡಿನಲ್ಲಿ ಸತ್ತವರ ಕುಟುಂಬಕ್ಕೆ ಸರ್ಕಾರ ತಲಾ ಐದು ಲಕ್ಷ ಘೋಷಿಸಿತು. ಅದು ಸರ್ಕಾರದ ನೆರವು. ಕಾನೂನಿನ ಪರಿಹಾರ ಬೇರೆ, ಅದು ಮಾಲೀಕ ಕೊಡಬೇಕಾದ್ದು. 2021ರಲ್ಲಿ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕ ಹೀಗಿತ್ತು: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಮೂವತ್ತು ವರ್ಷದವನಿಗೆ ಆ ಅಂಕಿ 207.98. ತಿಂಗಳಿಗೆ 12,000 ದುಡೀತಿದ್ದ ಅಂದರೆ 12,47,880 ರೂಪಾಯಿ. 15,000 ದುಡೀತಿದ್ದರೆ 15,59,850. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 2020ರ ಜನವರಿಯಿಂದ 15,000 ಇತ್ತು.

ಈಗ ಹೇಳಿ, ಊರ ಕಟ್ಟೆ ಮೇಲೆ ಹಿರಿಯರನ್ನು ಕೂರಿಸಿ ಒಂದೋ ಎರಡೋ ಲಕ್ಷ ಕೈಗಿಟ್ಟು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಪರಿಹಾರವಾ? ಕಾನೂನೇ ಅಲ್ಲ ಅನ್ನುತ್ತೆ. ಆ ಕಾಯ್ದೆಯ ಪ್ರಕಾರ ಸಾವಿನ ಪರಿಹಾರವನ್ನು ಆಯುಕ್ತರ ಮುಂದೆ ಠೇವಣಿ ಇಡಬೇಕಿತ್ತು. ಮನೆಯವರ ಕೈಗೆ ನೇರವಾಗಿ ಕೊಟ್ಟಿದ್ದು ಪರಿಹಾರ ಅಂತ ಪರಿಗಣಿಸಲ್ಲ. ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಕಾಗದಕ್ಕೂ ಬೆಲೆಯಿಲ್ಲ. ಅವನು ನನ್ನ ಆಳಲ್ಲ, ಕಂಟ್ರಾಕ್ಟರ್ ಕಡೆಯವನು ಅಂತ ಮಾಲೀಕ ಜಾರಿಕೊಳ್ಳೋ ಹಾಗೂ ಇಲ್ಲ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. 2021ರಲ್ಲಿ ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಇದನ್ನು ಕೇಳ್ತಿದ್ದರು.

ಅರ್ಜಿ ನಿಲ್ಲೋದು ದಾಖಲೆ ಮೇಲೆ. ಅವನು ಅಲ್ಲಿ ಕೆಲಸಕ್ಕಿದ್ದ ಅಂತ ತೋರಿಸಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಮೇಸ್ತ್ರಿ ಫೋನಿನ ಸಂದೇಶ, ಬ್ಯಾಂಕಿಗೆ ಬಂದ ಹಣ, ಕೆಲಸದ ಜಾಗದ ಫೋಟೋ, ಜೊತೆಗಾರನ ಮಾತು, ಏನಿದ್ದರೂ ಜೋಪಾನ ಮಾಡಿ. ಪೊಲೀಸ್ ದೂರು, ಮರಣೋತ್ತರ ಪರೀಕ್ಷೆ ಬಿಡಬೇಡಿ. ರಸ್ತೆಯಲ್ಲಿ ಬಿದ್ದ ಅಂತ ಬರೆಸೋಣ ಅಂದವರ ಮಾತು ಕೇಳಬೇಡಿ. ಗಣಿಯಲ್ಲಿ ಸಾವಾದರೆ ತಕ್ಷಣ ಗಣಿ ಸುರಕ್ಷತಾ ಕಚೇರಿಗೆ ತಿಳಿಸಬೇಕು, ಅವರು ಬಂದು ನೋಡುವ ತನಕ, ಬರದಿದ್ದರೆ 72 ಗಂಟೆ ಕಳೆಯುವ ತನಕ, ಆ ಜಾಗವನ್ನು ಮುಟ್ಟಬಾರದು. ಜೀವ ಉಳಿಸೋಕೆ, ದೇಹ ತೆಗೆಯೋಕೆ ಮಾತ್ರ ಮುಟ್ಟಬಹುದು. ಮರುದಿನವೇ ಜೆಸಿಬಿ ಬಿಟ್ಟು ಜಾಗ ಸಮ ಮಾಡಿದರೆ ಅದು ಸಾಕ್ಷಿಯನ್ನು ಮಣ್ಣು ಮಾಡಿದ ಹಾಗೆ.

ದೊಡ್ಡ ಗಣಿಗಳಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳ್ತಿಲ್ಲ. 2016ರ ಡಿಸೆಂಬರಿನಲ್ಲಿ ಜಾರ್ಖಂಡಿನ ರಾಜಮಹಲ್ ತೆರೆದ ಕಲ್ಲಿದ್ದಲು ಗಣಿಯಲ್ಲಿ ಮಣ್ಣಿನ ರಾಶಿ ಕುಸಿದು 23 ಕಾರ್ಮಿಕರು ಹೋದರು. ಸರ್ಕಾರಿ ಕಂಪನಿ, ಎಂಜಿನಿಯರುಗಳು, ಯೂನಿಯನ್, ಎಲ್ಲಾ ಇತ್ತು. ಆದರೂ ಅಲ್ಲಿ ಕೇಳೋಕೆ ಒಂದು ದನಿ ಇರುತ್ತೆ. ನೂರಕ್ಕಿಂತ ಹೆಚ್ಚು ಜನ ಇದ್ದರೆ ಸುರಕ್ಷತಾ ಸಮಿತಿ ಬೇಕು. ಐನೂರು ಇದ್ದರೆ ಕಾರ್ಮಿಕರ ಕಡೆಯ ತಪಾಸಣೆಗಾರ ಬೇಕು. ನಮ್ಮ ಕ್ವಾರಿಯಲ್ಲಿ ಇಪ್ಪತ್ತು, ಮೂವತ್ತು ಜನ. ಅವರಿಗೆ ಸಮಿತಿಯೂ ಇಲ್ಲ, ತಪಾಸಣೆಗಾರನೂ ಇಲ್ಲ. ಅಮೆರಿಕದಲ್ಲಿ 1977ರ ಕಾನೂನಿನ ಪ್ರಕಾರ ನೆಲದ ಮೇಲಿನ ಪ್ರತಿ ಗಣಿಯನ್ನೂ, ಕಲ್ಲು ಕ್ವಾರಿಯನ್ನೂ ಸೇರಿಸಿ, ವರ್ಷಕ್ಕೆ ಎರಡು ಸಲವಾದರೂ ನೋಡಲೇಬೇಕು. ಒಬ್ಬ ಸತ್ತರೂ ಹೇಗೆ ಸತ್ತ, ಏನು ಮಾಡಿದ್ದರೆ ಬದುಕುತ್ತಿದ್ದ ಅಂತ ವರದಿ ಬರೆದು ಎಲ್ಲರಿಗೂ ಸಿಗೋ ಹಾಗೆ ಇಡ್ತಾರೆ. ನಮಗೆ ವರ್ಷಕ್ಕೆ ಎರಡು ಸಲ ಬರೋದು ಯಾವುದು? ಯುಗಾದಿ, ದೀಪಾವಳಿ ಕೂಡ ಒಂದೊಂದೇ ಸಲ!

ಹಾಗಾದರೆ ಏನು ಮಾಡಬಹುದು? ಧನಬಾದನ್ನು ಮಧುಗಿರಿಗೆ ತರೋಕೆ ಆಗಲ್ಲ. ಆದರೆ ಮಧುಗಿರಿಯಲ್ಲಿ ಉಪವಿಭಾಗಾಧಿಕಾರಿ ಕಚೇರಿ ಇದೆ. ನಾಲ್ಕೂ ತಾಲ್ಲೂಕು ಅದರ ವ್ಯಾಪ್ತಿಯಲ್ಲಿವೆ. ಎ.ಸಿ. ಸಾಹೇಬರು ಒಂದು ದಿನ ಆ ಆರೂ ಯಜಮಾನರನ್ನು ಒಂದೇ ಮೇಜಿಗೆ ಕೂರಿಸಲಿ. ನಾಲ್ಕು ತಾಲ್ಲೂಕಿನ ಕ್ವಾರಿಗಳ ಪಟ್ಟಿ ಮಾಡಲಿ. ಗುತ್ತಿಗೆ ಯಾರ ಹೆಸರಲ್ಲಿದೆ, ಮದ್ದು ಸಿಡಿಸಲು ಅನುಮತಿ ಇದೆಯಾ, ಸಿಡಿಸುವವನಿಗೆ ಲೈಸೆನ್ಸ್ ಇದೆಯಾ, ಗೋಡೆಗೆ ಮೆಟ್ಟಿಲಿದೆಯಾ, ಎಷ್ಟು ಜನ ಕೆಲಸಕ್ಕಿದ್ದಾರೆ. ಇಷ್ಟೇ ಐದು ಪ್ರಶ್ನೆ. ಆ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಲಿ, ಕೆಳಗೆ ಗಣಿ ಸುರಕ್ಷತಾ ಕಚೇರಿಯ ಫೋನ್ ನಂಬರ್ ಬರೆಸಲಿ. ಮೆಟ್ಟಿಲಿಲ್ಲದ ಕ್ವಾರಿಗೆ ಮೆಟ್ಟಿಲು ಕಡಿಯುವ ತನಕ ಪರ್ಮಿಟ್ ನಿಲ್ಲಿಸಲಿ. ರಾಯಲ್ಟಿ ನಿಂತರೆ ಮೆಟ್ಟಿಲು ತಾನಾಗೇ ಮೂಡುತ್ತೆ.

ಕ್ವಾರಿ ಮಾಲೀಕರಿಗೂ ಒಂದು ಮಾತು. ನಿಮ್ಮಲ್ಲಿ ನಿಯಮ ಪಾಲಿಸೋರೂ ಇದ್ದೀರಿ. ಮೆಟ್ಟಿಲು ಕಡಿದರೆ ಖರ್ಚು ಜಾಸ್ತಿ, ಪಕ್ಕದವನು ಕಡಿಯಲ್ಲ, ಅವನ ಜೆಲ್ಲಿ ನನ್ನದಕ್ಕಿಂತ ಅಗ್ಗ ಅಂತೀರಿ. ನಿಜ. ಅದಕ್ಕೇ ತಪಾಸಣೆ ಎಲ್ಲರಿಗೂ ಒಂದೇ ಥರ ಆಗಬೇಕು ಅಂತ ಕೂಲಿಯವನಿಗಿಂತ ಜೋರಾಗಿ ನೀವು ಕೇಳಬೇಕು.

ಹುಣಸೋಡು, ಹಿರೇನಾಗವಲ್ಲಿ ಹೆಸರು ಇವತ್ತು ಇಡೀ ರಾಜ್ಯಕ್ಕೆ ಗೊತ್ತು. ಆ ಸ್ಫೋಟಗಳಿಗೆ ಮೊದಲು ಅವು ಅವರವರ ತಾಲ್ಲೂಕಿನವರಿಗೆ ಮಾತ್ರ ಗೊತ್ತಿದ್ದ ಊರುಗಳು. ಮಧುಗಿರಿ ಸೀಮೆಯ ಯಾವ ಹಳ್ಳಿಯ ಹೆಸರನ್ನೂ ನಾನು ಆ ರೀತಿ ಓದಬೇಕಾಗಿ ಬರದಿರಲಿ.