ಬಲೆಗೆ ಸೀಸ ಬ್ಯಾಡ, ಕಬ್ಬಿಣ ಕಟ್ಟೋಣ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿತು. ಷೇರು ಎಷ್ಟು, ಠೇವು ಎಷ್ಟು, ಸಾಲ ವಸೂಲಿ ಎಷ್ಟು ಅನ್ನುವುದನ್ನು ಕಾರ್ಯದರ್ಶಿಗಳು ಆಗಲೇ ವರದಿಯಲ್ಲಿ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತು ನಾವು ತಗೊಳ್ಳೋದಿಲ್ಲ. ನಾವು ಮಾತಾಡಬೇಕು ಅಂತ ನಿಂತಿರೋದು ಒಂದು ಸಣ್ಣ ವಸ್ತುವಿನ ಬಗ್ಗೆ. ಮೀನಿನ ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡು, ಹುಡುಗರು ಗಾಳದ ದಾರಕ್ಕೆ ಸಿಗಿಸುವ ಸೀಸದ ತುಂಡು. ಸಾಲ-ಗೊಬ್ಬರದ ಸಂಘಕ್ಕೂ ಬಲೆಯ ಗುಂಡಿಗೂ ಏನ್ರೀ ಸಂಬಂಧ ಅಂತ ಮೀಟಿಂಗಿನಲ್ಲಿ ಕೆಲವರು ನಕ್ಕರು. ಸಂಬಂಧ ಐತಿ, ಹೇಳ್ತೀವಿ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ಕಡೆ ಸೀಸ ಅಂದರೆ ಕೆಲವರು ಬಾಟ್ಲಿ ಅಂತಾರ. ಇನ್ನು ಕೆಲವರು ಸೀಸದ ಕಡ್ಡಿ, ಅಂದರೆ ಪೆನ್ಸಿಲ್ ಅಂತಾರ. ಪೆನ್ಸಿಲ್ ಒಳಗಿರೋದು ಸೀಸ ಅಲ್ಲವೇ ಅಲ್ಲ, ಅದು ಗ್ರಾಫೈಟ್ ಅನ್ನೋ ಇದ್ದಿಲಿನ ಜಾತಿ. ಮಕ್ಕಳು ಕಚ್ಚಿದರೆ ಗಾಬರಿ ಬ್ಯಾಡ. ನಾವು ಹೇಳೋ ಸೀಸ ಬ್ಯಾಟರಿಯೊಳಗಿನ ಭಾರವಾದ ಮೆತ್ತನೆಯ ಲೋಹ. ಉಗುರಿನಿಂದ ಗೀರಿದರೆ ಗೆರೆ ಬೀಳ್ತದೆ, ಹಲ್ಲಿನಿಂದ ಕಚ್ಚಿದರೆ ಅಮರ್ತದೆ. ಈ ಗುಣದಿಂದಲೇ ಬಲೆಯವರಿಗೆ ಅದು ಬೇಕಾಗಿದೆ, ಈ ಗುಣದಿಂದಲೇ ಅದು ಮನೆಯೊಳಗೆ ಬಂದಿದೆ.

ಈ ಸೀಸ ಬಲೆಗೆ ಎಲ್ಲಿಂದ ಬಂತು? ಅಂಬಿಗರ ಮನೆಯಲ್ಲಿ ಹುಟ್ಟಲಿಲ್ಲ. ನಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಸತ್ತಾಗ ನಾವು ಗುಜರಿಯವರಿಗೆ ಕೊಡ್ತೀವಿ. ಮನೆಯ ಯುಪಿಎಸ್ ಬ್ಯಾಟರಿಯೂ ಅಲ್ಲಿಗೇ ಹೋಗ್ತದೆ. ಅಲ್ಲಿ ಒಡೆದರೆ ಆಸಿಡ್ ನೆಲಕ್ಕೆ, ತಗಡು ಚೀಲಕ್ಕೆ. ಆ ತಗಡಿನ ಒಂದು ಪಾಲು ಬಲೆ ಕಟ್ಟುವವರ ಕೈಗೆ ಬರ್ತದೆ. ಹಳೆಯ ಬ್ಯಾಟರಿಯನ್ನು ಮಾರಿದವರೇ ವಾಪಸ್ ತಗೋಬೇಕು, ನೋಂದಾಯಿತ ಕಾರ್ಖಾನೆಗೇ ಅದು ಹೋಗಬೇಕು ಅಂತ 2001ರಿಂದಲೇ ಕೇಂದ್ರದ ನಿಯಮ ಇತ್ತು. 2022ರಲ್ಲಿ ಅದರ ಜಾಗದಲ್ಲಿ ಹೊಸ ನಿಯಮ ಬಂತು. ನಿಯಮ ಕಾಗದದ ಮ್ಯಾಲೆ ಐತಿ, ಬ್ಯಾಟರಿ ಗುಜರಿ ಗಾಡಿಯ ಮ್ಯಾಲೆ ಐತಿ. ಆದ್ದರಿಂದ ಬಲೆಯವರನ್ನು ಬೈಯೋಕಿಂತ ಮುಂಚೆ ಒಕ್ಕಲಿಗರಾದ ನಾವು ನಮ್ಮ ಶೆಡ್ಡಿನ ಕಡೆ ನೋಡಬೇಕು.

ಸೀಸ 327 ಡಿಗ್ರಿ ಶಾಖಕ್ಕೆ ಕರಗ್ತದೆ. ಕಬ್ಬಿಣಕ್ಕೆ 1500 ಡಿಗ್ರಿ ದಾಟಬೇಕು. ಅಂದರೆ ಸೀಸವನ್ನು ಅಡುಗೆಯ ಒಲೆಯ ಮ್ಯಾಲೇ ಹಳೆಯ ಡಬ್ಬಿಯಲ್ಲಿಟ್ಟು ಕರಗಿಸಬಹುದು, ಮಣ್ಣಿನ ಅಚ್ಚಿಗೆ ಸುರಿಯಬಹುದು. ಬಲೆ ಕಟ್ಟುವ ಮನೆಗಳಲ್ಲಿ ಮಾಡೋದೂ ಹಾಗೇ. ಮಳಿಗಾಲದ ಮುಂಚೆ ಬಲೆ ಸಜ್ಜು ಮಾಡುವಾಗ ಗಂಡಸರು ಸುರೀತಾರ, ಹೆಂಗಸರು ಒಲೆ ನೋಡ್ಕೋತಾರ, ಹುಡುಗರು ತಣ್ಣಗಾದ ಗುಂಡನ್ನು ಆರಿಸಿ ಪೋಣಸ್ತಾರ. ಹೊಗೆ, ಮ್ಯಾಲೆ ಕಟ್ಟುವ ಬೂದಿಯಂಥ ಕಿಟ್ಟ, ನೆಲದ ಮ್ಯಾಲೆ ಚೆಲ್ಲಿದ ಪುಡಿ ಎಲ್ಲವೂ ಆ ಕೋಣೆಯಲ್ಲೇ ಉಳೀತದೆ. ಅದೇ ಒಲೆಯ ಮ್ಯಾಲೆ ಸಂಜಿಗೆ ರೊಟ್ಟಿ.

ದೊಡ್ಡವರು ನುಂಗಿದ ಸೀಸದಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ರಕ್ತಕ್ಕೆ ಸೇರ್ತದೆ. ಸಣ್ಣ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಸೇರ್ತದೆ. ಊಟದಲ್ಲಿ ಕಬ್ಬಿಣಾಂಶ, ಸುಣ್ಣದಂಶ ಕಡಿಮೆ ಇದ್ದ ಮಗುವಿಗೆ ಇನ್ನೂ ಹೆಚ್ಚು. ಸುಣ್ಣದ ಜಾಗದಲ್ಲಿ ಅದು ಎಲುಬಿಗೆ ಹೋಗಿ ಕೂತು ವರ್ಷಗಟ್ಟಲೆ ಇರ್ತದೆ. ಜ್ವರ ಬರೋದಿಲ್ಲ, ಗಾಯ ಕಾಣೋದಿಲ್ಲ. ಹುಡುಗ ಓದಿನಲ್ಲಿ ಹಿಂದೆ ಬೀಳ್ತಾನ, ಹೊಟ್ಟೆನೋವು ಅಂತಾನ, ಸಿಟ್ಟು ಮಾಡ್ತಾನ. ನಾವು ದಡ್ಡ ಅಂತ ಬೈತೀವಿ. ಇಷ್ಟರ ಒಳಗಿದ್ದರೆ ಅಪಾಯ ಇಲ್ಲ ಅನ್ನುವ ಮಿತಿ ಸೀಸಕ್ಕೆ ಇಲ್ಲವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. 2020ರಲ್ಲಿ ಯುನಿಸೆಫ್ ಹೊರಡಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಹೆಚ್ಚಾಗಿದೆ, ಸುಮಾರು 80 ಕೋಟಿ ಮಕ್ಕಳು. ಅದಕ್ಕೆ ದೊಡ್ಡ ಕಾರಣ ಅಂತ ಆ ವರದಿ ತೋರಿಸಿದ್ದು ಇದೇ ಬ್ಯಾಟರಿಯನ್ನು ಮನೆ-ಗುಡಿಸಲಲ್ಲಿ ಒಡೆದು ಕರಗಿಸುವ ಕೆಲಸವನ್ನು.

ದನದ ಮಾತೂ ಹೇಳಿಬಿಡ್ತೀವಿ, ಯಾಕಂದರೆ ಇಲ್ಲಿ ಹೈನ ಇಲ್ಲದ ಮನೆ ಕಡಿಮೆ. ದನಕ್ಕೆ ನೆಕ್ಕುವ ಚಟ. ಒಡೆದ ಬ್ಯಾಟರಿಯ ತಗಡು, ಅದರ ಕಿಟ್ಟ ಸ್ವಲ್ಪ ಉಪ್ಪುಪ್ಪಾಗಿರ್ತದೆ, ನೆಕ್ಕತಾವ. ಕಣ್ಣು ಕಾಣದಂತಾಗಿ, ಹಲ್ಲು ಕಡಿದು, ಗೋಡೆಗೆ ತಲೆ ಒತ್ತಿ ನಿಂತು ಸಾಯ್ತಾವ. ಉಳಿದ ಆಕಳಿನ ಹಾಲಿನಲ್ಲೂ ಸೀಸ ಇಳೀತದೆ.

ಈಗ ಕೆರೆಗೆ ಬರೋಣ. ದೊಡ್ಡ ಬೀಸುಬಲೆಗೆ ಮೂರ್ನಾಲ್ಕು ಕಿಲೋ ಸೀಸ ಸಹಜ. ಮುಳ್ಳಿಗೋ ಕೊರಡಿಗೋ ಬಲೆ ಸಿಕ್ಕಾಗ ಎಳೀತಾರ, ದಾರ ಹರೀತದೆ, ನಾಕು ಗುಂಡು ಕೆಸರಿಗೆ ಬೀಳ್ತಾವ. ಯಾರೂ ಹುಡುಕೋದಿಲ್ಲ. ವರದಾ ನದಿಯ ಮಡುವುಗಳಲ್ಲೂ ಇದೇ ಕಥೆ. ಇಲ್ಲಿ ಒಂದು ಮಾತು ಸ್ಪಷ್ಟ ಹೇಳಬೇಕು. ಗುಂಡು ಬಿದ್ದ ಕೆರೆಯ ನೀರು ಕುಡಿದರೆ ನಾಳೆಯೇ ರೋಗ ಬರ್ತದೆ ಅಂತ ನಾವು ಹೆದರಿಸೋದಿಲ್ಲ. ಸೀಸದ ಗುಂಡು ನೀರಿನಲ್ಲಿ ಬಹಳ ನಿಧಾನ ಕರಗ್ತದೆ, ಮ್ಯಾಲೆ ಒಂದು ಪೊರೆ ಕಟ್ಟಿಕೊಳ್ತದೆ. ಆದರೆ ಕೊಳೆತು ಮಾಯ ಆಗೋದಿಲ್ಲ. ಬ್ಯಾಸಿಗ್ಯಾಗ ಕೆರೆ ಬತ್ತಿದಾಗ ಹೂಳು ತೆಗೆದು ಚಕ್ಕಡಿ, ಟ್ರ್ಯಾಕ್ಟರ್ ತುಂಬಿ ನಮ್ಮ ಹೊಲಕ್ಕೆ ಹಾಕ್ತೀವಲ್ಲ, ಆ ಮಣ್ಣಿನ ಜೊತೆಗೆ ಗುಂಡೂ ಬರ್ತದೆ. ಎಲ್ಲಿ ಬಿದ್ದಿತ್ತೋ ಅಲ್ಲಿಂದ ನಮ್ಮ ಕಡಲಿ ಹೊಲಕ್ಕೆ.

ಹೊಲದಲ್ಲಿ, ಕೆರೆಯ ದಂಡೆಯಲ್ಲಿ ಅದನ್ನು ತಿನ್ನೋರು ಯಾರು? ಹಕ್ಕಿ. ಕೋಳಿ ಕೊಯ್ದವರಿಗೆ ಗೊತ್ತು, ಹೊಟ್ಟೆಯಲ್ಲಿ ಒಂದು ಗಟ್ಟಿ ಚೀಲ ಇರ್ತದೆ, ಅದನ್ನು ಸೀಳಿದರೆ ಹರಳು ಸಿಗ್ತಾವ. ಹಲ್ಲಿಲ್ಲದ ಹಕ್ಕಿಗೆ ಅದೇ ಬೀಸುವ ಕಲ್ಲು. ಬಾತು, ಹೆಬ್ಬಾತು, ಎಲ್ಲಾ ಹರಳು ಹುಡುಕಿ ನುಂಗ್ತಾವ. ಸೀಸದ ಗುಂಡೂ ಅವುಗಳ ಕಣ್ಣಿಗೆ ಹರಳೇ. ನೀರಿನಲ್ಲಿ ಕರಗದ ಸೀಸ ಆ ಚೀಲದಲ್ಲಿ ಕಲ್ಲಿನ ಜೊತೆ ತಿಕ್ಕಿ, ಹೊಟ್ಟೆಯ ಹುಳಿಗೆ ಕರಗಿ ರಕ್ತಕ್ಕೆ ಸೇರ್ತದೆ. ಕುತ್ತಿಗೆಯ ಶಕ್ತಿ ಹೋಗ್ತದೆ, ತಿಂದದ್ದು ಒಳಗೆ ಇಳಿಯೋದಿಲ್ಲ. ಬಾಯಿ ಮುಂದೆ ಮೇವು ಇದ್ದೂ ಹಕ್ಕಿ ಹಸಿವೆಯಿಂದ ಸಾಯ್ತದೆ.

ಇದು ಊಹೆ ಅಲ್ಲ. ಇಂಗ್ಲೆಂಡಿನಲ್ಲಿ ಗಾಳದವರ ಸಣ್ಣ ಸೀಸದ ಗುಂಡು ನುಂಗಿ ಹಂಸಗಳು ವರ್ಷಕ್ಕೆ ಸಾವಿರಗಟ್ಟಲೆ ಸಾಯ್ತಾವ ಅಂತ 1981ರ ಸರ್ಕಾರಿ ವರದಿಯ ಅಂದಾಜು ಇತ್ತು. 1987ರಲ್ಲಿ ಅಲ್ಲಿ 28.35 ಗ್ರಾಮಿನವರೆಗಿನ ಸೀಸದ ಗುಂಡಿನ ಮಾರಾಟ ನಿಲ್ಲಿಸಿದರು. ಗಾಳದವರು ಮೊದಲು ಗದ್ದಲ ಮಾಡಿದರು, ಆಮೇಲೆ ಬೇರೆ ಲೋಹ ಕಟ್ಟಿದರು, ಮೀನು ಹಿಡಿಯೋದೇನೂ ನಿಲ್ಲಲಿಲ್ಲ. ಹಂಸಗಳ ಸಂಖ್ಯೆ ಮುಂದೆ ಏರಿತು. ಕೆನಡಾ ದೇಶ 1997ರಲ್ಲಿ ತನ್ನ ರಾಷ್ಟ್ರೀಯ ಉದ್ಯಾನಗಳಲ್ಲಿ ಸಣ್ಣ ಸೀಸದ ಗುಂಡಿಗೆ ನಿಷೇಧ ಹಾಕಿತು.

ಹಂಸ ನಮಗ್ಯಾಕ್ರಿ ಅನ್ನಬಹುದು. ನಮ್ಮ ಹತ್ತಿರವೇ ಲಕ್ಷ್ಮೇಶ್ವರದ ಆಚೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಐತಿ. ಚಳಿಗಾಲ ಬಂತಂದರೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಅಲ್ಲಿ ಇಳೀತಾವ. ಹಗಲು ಕೆರೆಯಲ್ಲಿ ಇದ್ದು ರಾತ್ರಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗ್ತಾವ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಮಾಗಡಿಯಲ್ಲಿ ಸೀಸದಿಂದ ಹಕ್ಕಿ ಸತ್ತಾವ ಅಂತ ನಾವು ಹೇಳ್ತಿಲ್ಲ. ಹಕ್ಕಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ, ನಮ್ಮ ಕೆರೆಗಳೂ ಅವುಗಳ ದಾರಿಯಲ್ಲೇ ಅದಾವ ಅಂತ ಹೇಳ್ತಿದ್ದೀವಿ.

ಹಂಗಾದರೆ ಸರ್ಕಾರ ನಿಷೇಧ ಮಾಡಲಿ ಅಂತ ಸುಮ್ಮನಿರೋಣೇನು? ಮದ್ದು ಸಿಡಿಸಿ, ನೀರಿಗೆ ವಿಷ ಹಾಕಿ ಮೀನು ಹಿಡಿಯೋದನ್ನು 1897ರ ಕಾಯಿದೆಯಲ್ಲೇ ಅಪರಾಧ ಅಂತ ಬರೆದರು. ಬಲೆಯ ಸೀಸದ ಬಗ್ಗೆ ನಮ್ಮ ದೇಶದಲ್ಲಿ ಹಂಥ ನಿಷೇಧ ಇಲ್ಲ. ಆದರೆ ಸೀಸವನ್ನು ಬಿಡೋದು ಈ ದೇಶಕ್ಕೆ ಹೊಸದಲ್ಲ. 2000ರಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಮನೆಯ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದು ಅನ್ನೋ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂತು. ಪೆಟ್ರೋಲೂ ಬಣ್ಣವೂ ಕಂಪನಿಯ ಗೇಟಿನಲ್ಲಿ ತಡೆಯುವಂಥವು. ಒಲೆಯ ಮ್ಯಾಲಿನ ಡಬ್ಬಿಗೆ ಯಾವ ಗೇಟು?

ಮೀಟಿಂಗಿನಲ್ಲಿ ಒಬ್ಬರು, ಕೆರೆಯ ಗುತ್ತಿಗೆ ಕರಾರಿನಲ್ಲಿ ಸೀಸಕ್ಕೆ ದಂಡ ಹಾಕುವಂತೆ ಪಂಚಾಯ್ತಿಗೆ ಬರೆಯೋಣ ಅಂದರು. ನಾವು ಒಪ್ಪಲಿಲ್ಲ. ದಂಡ ಬೀಳೋದು ಎಲ್ಲರಿಗಿಂತ ಬಡವರಿಗೆ. ಗುತ್ತಿಗೆದಾರನಿಗಲ್ಲ, ಅವನ ಕೈ ಕೆಳಗೆ ಬಲೆ ಬೀಸುವವನಿಗೆ. ಬ್ಯಾಟರಿ ಮಾರಿದ ನಮಗಂತೂ ಮೊದಲೇ ಅಲ್ಲ. ಅಂಬಿಗರ ಚೌಡಯ್ಯನವರ ಹೆಸರಿನ ಚೌಡಯ್ಯದಾನಪುರ ನಮ್ಮ ಜಿಲ್ಲೆಯಲ್ಲೇ ತುಂಗಭದ್ರೆಯ ದಂಡೆಯ ಮ್ಯಾಲೆ ಐತಿ. ವೇದಿಕೆಯಲ್ಲಿ ಅವರ ಹೆಸರು ಹೇಳಿ, ಕೆಳಗೆ ಇಳಿದು ಅವರ ಕುಲದವರ ಬಲೆ ಜಪ್ತಿ ಮಾಡೋದು ನಮಗೆ ಶೋಭಿಸೋದಿಲ್ಲ.

ಅದಕ್ಕೇ ಬಲೆ ಬೀಸುವ ಹಿರಿಯರೊಬ್ಬರನ್ನು ಕೇಳಿದೆವು. ಅವರು ಅಂದರು, “ಅಲ್ರೀ ಡೈರೆಕ್ಟರ್ ಸಾಹೇಬ್ರ, ಕಬ್ಬಿಣ ಹಗುರ. ಬಲಿ ಲಗೂನ ತಳಕ್ಕ ಹೋಗದಿದ್ರ ಮೀನ ನಮ್ಮ ದಾರಿ ಕಾಯ್ತಾವೇನ್ರಿ?”

“ಹಗುರ ಖರೆ ಕಾಕಾ, ಎಷ್ಟು ಹಗುರ ಅಂತ ಲೆಕ್ಕ ಹಾಕೂಣು” ಅಂದೆವು.

ಎಸ್ಸೆಸ್ಸೆಲ್ಸಿಯಲ್ಲಿ ಆರ್ಕಿಮಿಡೀಸನ ಸೂತ್ರ ಕಲಿತದ್ದು ಮೊದಲ ಸಲ ಉಪಯೋಗಕ್ಕೆ ಬಂತು ಅನ್ರಿ. ಸೀಸ ನೀರಿಗಿಂತ 11.3 ಪಟ್ಟು ಭಾರ, ಕಬ್ಬಿಣ 7.8 ಪಟ್ಟು. ಒಂದು ಕಿಲೋ ಸೀಸ ನೀರಿನೊಳಗೆ ಸುಮಾರು 912 ಗ್ರಾಮ್ ತೂಗ್ತದೆ, ಒಂದು ಕಿಲೋ ಕಬ್ಬಿಣ ಸುಮಾರು 872 ಗ್ರಾಮ್. ಅಂದರೆ ಒಂದು ಕಿಲೋ ಸೀಸ ಬಿಚ್ಚಿ ಅದರ ಜಾಗದಲ್ಲಿ ಒಂದು ಕಿಲೋ 50 ಗ್ರಾಮ್ ಕಬ್ಬಿಣ ಕಟ್ಟಿದರೆ ನೀರಿನೊಳಗೆ ತೂಕ ಅಷ್ಟಕ್ಕಷ್ಟೇ. ನಾಕು ಕಿಲೋದ ಬಲೆಗೆ ಇನ್ನೂರು ಗ್ರಾಮ್ ಹೆಚ್ಚು. ಗುಂಡು ಮಾತ್ರ ಗಾತ್ರದಲ್ಲಿ ಒಂದೂವರೆ ಪಟ್ಟಿನ ಹತ್ತಿರ ಆಗ್ತದೆ, ಅದು ಕಸಕ್ಕೆ ಸ್ವಲ್ಪ ಹೆಚ್ಚು ಸಿಗಬಹುದು. ಬಿಡಿ ಗುಂಡಿನ ಬದಲು ಸಣ್ಣ ಕಬ್ಬಿಣದ ಸರಪಳಿಯನ್ನೇ ಅಂಚಿನ ಹಗ್ಗಕ್ಕೆ ಹೊಲಿದರೆ ಆ ತೊಂದರೆ ಕಡಿಮೆ. ಹಳೆಯ ಕಾಲದ ಸುಟ್ಟ ಮಣ್ಣಿನ ಗುಂಡೂ ಐತಿ, ಆದರೆ ಅದೇ ಭಾರಕ್ಕೆ ಮಣ್ಣು ಹೆಚ್ಚುಕಡಿಮೆ ಎರಡು ಪಟ್ಟು ತೂಕ ಬೇಕು. ಕಟ್ಟಿಟ್ಟ ಬಲೆಗೆ ನಡೀತದೆ, ಬೀಸುವ ಬಲೆಗೆ ಭುಜ ಸೋಲ್ತದೆ.

ಕಾಕಾ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ತುಕ್ಕು ಹಿಡಿದು ದಾರ ತಿಂತದಲ್ರೀ” ಅಂದರು. ಈ ಮಾತು ಖರೆ. ಜಿಂಕ್ ಲೇಪನ ಇರುವ ಸರಪಳಿ ಆದರೆ ತುಕ್ಕು ತಡವಾಗ್ತದೆ, ಬಲೆಯನ್ನು ಒಣಗಿಸಿ ಇಡಬೇಕು, ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಬೇಕಾದೀತು. ಸೀಸದಷ್ಟು ಬಾಳಿಕೆ ಬರೋದಿಲ್ಲ ಅಂತ ಒಪ್ಪಿಕೊಂಡೇ ಮಾತಾಡಬೇಕು, ಇಲ್ಲದಿದ್ದರೆ ಒಂದು ವರ್ಷ ಕಟ್ಟಿ ಮತ್ತೆ ಸೀಸಕ್ಕೇ ಹೋಗ್ತಾರ.

ಇಲ್ಲಿ ಸಂಘದ ಕೆಲಸ ಬಂತು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು, ಒಬ್ಬೊಬ್ಬರೇ ಹೋದರೆ ಸಾಹುಕಾರನ ಬಾಗಿಲಲ್ಲಿ ಸೋಲ್ತೀವಿ ಅಂತ. ಸೀಸದ ವ್ಯವಹಾರವೂ ಹಾಗೇ. ಗುಜರಿಯಲ್ಲಿ ಸೀಸದ ದರ ಕಬ್ಬಿಣದ ದರಕ್ಕಿಂತ ಬಹಳ ಹೆಚ್ಚು. ಬಲೆಯವರು ಸೀಸ ತಂದು ಸಂಘದಲ್ಲಿ ತೂಗಿಸಲಿ, ನಾವು ಅದಕ್ಕೆ ಸರಿಯಾದ ಸರಪಳಿ ಕೊಡ್ತೀವಿ, ಸೀಸದ ಬೆಲೆಯಲ್ಲಿ ಉಳಿದ ದುಡ್ಡು ಅವರ ಕೈಗೆ ಬರಲಿ. ಸದಸ್ಯರ ಹಳೆಯ ಬ್ಯಾಟರಿಯೂ ಇಲ್ಲೇ ಬರಲಿ, ಒಡೆಯದೆ ಇದ್ದ ಹಾಗೇ. ಎರಡನ್ನೂ ಕೂಡಿಸಿ ನೋಂದಾಯಿತ ಖರೀದಿದಾರರಿಗೆ ರಸೀದಿ ಮ್ಯಾಲೆ ಕೊಡೋಣ. ಹಂಗ ಮಾಡದಿದ್ದರೆ ಇಲ್ಲಿ ಬಿಚ್ಚಿದ ಸೀಸ ಇನ್ನೊಂದು ಊರಿನ ಒಲೆಯ ಮ್ಯಾಲೆ ಕರಗ್ತದೆ. ಬೀಸುವವರು ಬಹಳ ಮಂದಿ ಸಂಘದ ಸದಸ್ಯರೇ ಅಲ್ಲ. ಅವರಿಗೂ ಈ ಒಂದು ವ್ಯವಹಾರ ತೆರೆದಿರಲಿ, ಷೇರು ತಗೊಂಡರೆ ಇನ್ನೂ ಒಳ್ಳೇದು.

ಗಣಪತಿ ಬಣ್ಣದಲ್ಲೂ ಸೀಸ ಇರ್ತದಲ್ಲ, ಅದನ್ನ್ಯಾಕ ಹೇಳಲಿಲ್ಲ ಅಂತ ಯುವಕರು ಕೇಳಿದರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಸೂಚನೆಯಲ್ಲಿ ವಿಷದ ಬಣ್ಣ ಬ್ಯಾಡ ಅಂತ ಐತಿ. ಆ ಮಾತನ್ನು ಗಜಾನನ ಮಂಡಳಿಯವರೇ ಎತ್ತಿಕೊಳ್ಳಲಿ, ಸಂಘ ಹಿಂದೆ ನಿಲ್ತದೆ.

ಬದಲಾವಣೆ ಮಾಡುವವರಿಗೆ ಒಂದೇ ಕೋರಿಕೆ: ಹಳೆಯ ಗುಂಡನ್ನು ಹಲ್ಲಿನಿಂದ ಬಿಚ್ಚಬ್ಯಾಡ್ರಿ, ಇಕ್ಕಳ ತಗೋರಿ, ಕೈ ಸಬಕಾರ ಹಚ್ಚಿ ತೊಳಕೋರಿ, ಮಕ್ಕಳನ್ನು ದೂರ ಇಡ್ರಿ. ಮನೆಯಲ್ಲಿ ಉಳಿದ ಕಿಟ್ಟವನ್ನು ತಿಪ್ಪಿಗೆ ಚೆಲ್ಲದೆ ಡಬ್ಬಿಯಲ್ಲಿ ಮುಚ್ಚಿ ತಂದುಕೊಡ್ರಿ.

ಈ ವಿಷಯ ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ಬರ್ತದೆ, ಕೈ ಎತ್ತೋರು ನೀವು. ಅದಕ್ಕೂ ಮುಂಚೆ ಕಣ್ಣಾರೆ ನೋಡಿರಲಿ ಅಂತ ಗೊಬ್ಬರದ ಗೋಡೌನಿನ ಮುಂದೆ ಎರಡು ಬಲೆ ತೂಗುಹಾಕಿದ್ದೀವಿ, ಒಂದು ಸೀಸದ್ದು, ಒಂದು ಸರಪಳಿಯದ್ದು. ಪಕ್ಕದಲ್ಲಿ ನೀರು ತುಂಬಿದ ಬಾನಿ, ತೂಕದ ಕಾಟಾ ಇಟ್ಟಿದ್ದೀವಿ. ಊಟ ಆದ ಮ್ಯಾಲೆ ಬಲೆಯವರೂ ಒಕ್ಕಲಿಗರೂ ಕೂಡಿ ಹೋಗಿ, ನೀರಿನೊಳಗೆ ಮುಳುಗಿಸಿ ತೂಗಿ ನೋಡ್ರಿ. ಕಾಕಾನೂ ಅಲ್ಲೇ ಕೂತಿರ್ತಾರ.