‘ಡೇಂಜರ್’: ಒಡೆತನದಿಂದ ಹುಟ್ಟಿದ ಒಂದು ಪದ



ಇಂದಿನ ಮಾತಿಗೆ ನಾನು ಆಯ್ದುಕೊಂಡಿರುವುದು ‘ಡೇಂಜರ್’ ಎಂಬ ಒಂದು ಇಂಗ್ಲಿಷ್ ಪದವನ್ನು. ವಿದ್ಯುತ್ ಕಂಬದ ಫಲಕದಲ್ಲಿ ತಲೆಬುರುಡೆಯ ಚಿತ್ರದ ಜೊತೆಗೆ, ‘ಅಪಾಯ’ ಎಂಬ ಕನ್ನಡದ ಪಕ್ಕದಲ್ಲೇ ಇದನ್ನು ಓದಿಕೊಂಡು ಬೆಳೆದವರು ನಾವು. ಎರಡೂ ಒಂದೇ ಎಂದು ನಂಬಿದ್ದೇವೆ. ಇಂದಿನ ಬಳಕೆಯಲ್ಲಿ ಒಂದೇ, ನಿಜ. ಆದರೆ ಹುಟ್ಟಿನಲ್ಲಿ ಬೇರೆ.

‘ಡೇಂಜರ್’ 13ನೆಯ ಶತಮಾನದಲ್ಲಿ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ. ಅಲ್ಲಿ ‘ದಂಜಿಯೆರ್’ ಎಂದರೆ ಒಡೆಯನ ಅಧಿಕಾರ, ಹಾನಿ ಮಾಡಲು ಅವನಿಗಿರುವ ಶಕ್ತಿ. ಅದರ ಮೂಲ ಲ್ಯಾಟಿನ್ನಿನ ‘ದೊಮಿನುಸ್’, ಅಂದರೆ ಯಜಮಾನ. 1066ರ ನಾರ್ಮನ್ ವಿಜಯದ ತರುವಾಯ ಇಂಗ್ಲೆಂಡಿನ ಒಡೆಯರು ಫ್ರೆಂಚ್ ಮಾತನಾಡುತ್ತಿದ್ದರು, ಉಳುವವರು ಇಂಗ್ಲಿಷ್ ಮಾತನಾಡುತ್ತಿದ್ದರು. ಒಡೆತನದ ಶಬ್ದಗಳು ಮೇಲಿನಿಂದ ಕೆಳಕ್ಕೆ ಇಳಿದು ಬಂದವು. ಸೆರೆಕೋಣೆಗೆ ಇಂಗ್ಲಿಷಿನಲ್ಲಿರುವ ‘ಡಂಜನ್’ ಎಂಬ ಪದವೂ ಇದೇ ದೊಮಿನುಸ್‌ನ ಸಂತಾನವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಮೊದಲಿಗೆ ಅದು ಕೋಟೆಯೊಳಗಿನ ಒಡೆಯನ ಗೋಪುರವಾಗಿತ್ತು.

ಆದ್ದರಿಂದಲೇ ಹಳೆಯ ಇಂಗ್ಲಿಷ್ ಬಳಕೆಯಲ್ಲಿ ‘ಇಂಥವನ ಡೇಂಜರಿನಲ್ಲಿ ಇರುವುದು’ ಎಂಬ ಮಾತಿತ್ತು: ಅವನ ಹಿಡಿತದಲ್ಲಿ, ಅವನ ಮರ್ಜಿಯಲ್ಲಿ ಇರುವುದು. ಚಾಸರನ ‘ಕ್ಯಾಂಟರ್‌ಬರಿ ಟೇಲ್ಸ್’ನಲ್ಲಿ ಬರುವ ಚರ್ಚ್ ನ್ಯಾಯಾಲಯದ ಅಮೀನನು ಇಡೀ ಧರ್ಮಪ್ರಾಂತದ ಎಳೆಯರನ್ನು ತನ್ನ ಡೇಂಜರಿನಲ್ಲಿ ಇಟ್ಟುಕೊಂಡಿರುತ್ತಾನೆ. ಅವರ ಗುಟ್ಟುಗಳೆಲ್ಲ ಅವನಿಗೆ ಗೊತ್ತು; ಅವನ ಬಲವಿರುವುದು ಅಲ್ಲೇ.

ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ನ್ಯಾಯಾಲಯದ ದೃಶ್ಯದಲ್ಲಿ ಈ ಪದ ಎರಡು ಕಡೆ ಬರುತ್ತದೆ. ಮೊದಲು, ಸಾಲಗಾರ ಆಂಟೋನಿಯೋ ಶೈಲಾಕನ ಡೇಂಜರಿನಲ್ಲಿ ಇದ್ದಾನಲ್ಲವೇ ಎಂದು ಪೋರ್ಷಿಯಾ ಕೇಳುತ್ತಾಳೆ. ಸಾಲ ಕೊಟ್ಟವನ ಹಿಡಿತ ಎಂಬ ಅರ್ಥ ಅಲ್ಲಿ ಸ್ಪಷ್ಟ. ಕ್ಷಣಗಳಲ್ಲಿ ದೃಶ್ಯ ತಿರುಗಿ ಬೀಳುತ್ತದೆ. ಪರದೇಶಿಯೊಬ್ಬ ವೆನಿಸಿನ ನಾಗರಿಕನ ಪ್ರಾಣಕ್ಕೆ ಹೊಂಚಿದರೆ ಅವನ ಪ್ರಾಣ ಡ್ಯೂಕನ ದಯೆಗೆ ಸೇರಿದ್ದು ಎಂಬ ಕಾನೂನನ್ನು ಪೋರ್ಷಿಯಾ ಹೊರತೆಗೆಯುತ್ತಾಳೆ, ಈಗ ಡೇಂಜರಿನಲ್ಲಿರುವುದು ನೀನು ಎಂದು ಶೈಲಾಕನಿಗೆ ತಿಳಿಸುತ್ತಾಳೆ. ಅವನು ವೆನಿಸಿನಲ್ಲೇ ಬಾಳಿದವನು, ಅಲ್ಲೇ ವ್ಯವಹಾರ ನಡೆಸಿದವನು. ಆದರೂ ಯಹೂದಿಯಾದ ಅವನು ಕಾನೂನಿನ ಕಣ್ಣಿಗೆ ಪರದೇಶಿ. ಕೊನೆಗೆ ಪ್ರಾಣವುಳಿಸಿಕೊಳ್ಳಲು ತನ್ನ ಧರ್ಮವನ್ನೇ ಬಿಡಬೇಕಾಗುತ್ತದೆ. ಹೊರನಾಡಿನಲ್ಲಿ ಬದುಕುವ ನಾವು ಈ ದೃಶ್ಯವನ್ನು ಸಾಲದ ಕಥೆಯೆಂದಷ್ಟೇ ಓದಲಾರೆವು.

ನಮ್ಮ ‘ಅಪಾಯ’ದ ದಾರಿ ಬೇರೆ. ಸಂಸ್ಕೃತದಲ್ಲಿ ಅದರ ಧಾತ್ವರ್ಥ ದೂರ ಹೋಗುವುದು, ಕಳೆದುಹೋಗುವುದು. ಅದರ ಜೋಡಿ ‘ಉಪಾಯ’ ಎಂದರೆ ಹತ್ತಿರ ಸೇರುವುದು. ಅದರಲ್ಲಿ ಯಜಮಾನನ ನೆರಳಿಲ್ಲ. ಹಾಗೆಂದು ನಾವು ಹೆಮ್ಮೆಪಡಬೇಕಾಗಿಲ್ಲ. ದೊಮಿನುಸ್‌ನ ಹಿಂದಿರುವುದು ಮನೆ ಎಂಬರ್ಥದ ‘ದೊಮುಸ್’. ಸಂಸ್ಕೃತದ ‘ದಂಪತಿ’ಯಲ್ಲಿರುವ ‘ದಂ’ ಅದರದೇ ಸಂಬಂಧಿ. ವೇದದ ಭಾಷೆಯಲ್ಲಿ ದಂಪತಿ ಎಂದರೆ ಮೊದಲಿಗೆ ಮನೆಯ ಒಡೆಯ. ಅದೇ ರಚನೆಯ ಗ್ರೀಕ್ ಪದ ‘ದೆಸ್ಪೊತೇಸ್’. ಇಂಗ್ಲಿಷಿನ ‘ಡೆಸ್ಪಾಟ್’, ಅಂದರೆ ನಿರಂಕುಶ ದೊರೆ, ಬಂದದ್ದು ಅಲ್ಲಿಂದ. ಮದುವೆಯ ಆಮಂತ್ರಣದಲ್ಲಿ ನಾವು ಅಚ್ಚುಹಾಕಿಸುವ ಪದವೂ ಸರ್ವಾಧಿಕಾರಿಯ ಹೆಸರೂ ದಾಯಾದಿಗಳು. ಒಡೆತನದ ಮೊದಲ ಪಾಠ ಮನೆಯೊಳಗೇ ನಡೆಯುತ್ತದೆ ಎಂದು ಸ್ತ್ರೀವಾದಿಗಳು ಹೇಳಿದ್ದಕ್ಕೆ ಭಾಷೆಯೂ ಸಾಕ್ಷಿ ನುಡಿಯುತ್ತಿದೆ.

ಇನ್ನು ಈ ಪದದ ರಾಜಕೀಯಕ್ಕೆ ಬರೋಣ. ಚಾಸರನ ಕಾಲದಲ್ಲಿ ‘ಡೇಂಜರಸ್’ ಎಂದರೆ ದರ್ಪದವನು, ಮೆಚ್ಚಿಸಲು ಕಷ್ಟವಾದವನು. ಅದು ಮೇಲಿನವರಿಗೆ ಸಲ್ಲುವ ವಿಶೇಷಣವಾಗಿತ್ತು. ಮುಂದೆ ಅದನ್ನು ಕೆಳಗಿನವರ ಮೇಲೆ ಹೊರಿಸಲಾಯಿತು. 1798ರಲ್ಲಿ ಅಮೆರಿಕ ಮಾಡಿಕೊಂಡ ಪರದೇಶಿಗಳ ಕಾಯಿದೆಯೊಂದು, ದೇಶದ ಶಾಂತಿಗೆ ‘ಡೇಂಜರಸ್’ ಎಂದು ಅಧ್ಯಕ್ಷನಿಗೆ ಕಂಡ ಹೊರಗಿನವರನ್ನು ವಿಚಾರಣೆಯಿಲ್ಲದೆ ಗಡೀಪಾರು ಮಾಡುವ ಅಧಿಕಾರವನ್ನು ಅವನಿಗೆ ಕೊಟ್ಟಿತು. 1840ರಲ್ಲಿ ಫ್ರೆಂಚ್ ಅಧಿಕಾರಿ ಫ್ರೆಜಿಯೆ ದೊಡ್ಡ ನಗರಗಳ ‘ಅಪಾಯಕಾರಿ ವರ್ಗ’ಗಳ ಬಗ್ಗೆ ಪುಸ್ತಕವನ್ನೇ ಬರೆದ. 1871ರಲ್ಲಿ ಬ್ರಿಟಿಷರು ನಮ್ಮಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದು, ಹುಟ್ಟಿನಿಂದಲೇ ಅಪರಾಧಿಗಳೆಂದು ಸಮುದಾಯಗಳನ್ನು ಪಟ್ಟಿ ಮಾಡಿದರು. ಹುಬ್ಬಳ್ಳಿ, ಗದಗಗಳ ‘ಸೆಟ್ಲಮೆಂಟ್’ಗಳು ಆ ವ್ಯವಸ್ಥೆಯ ಕುರುಹುಗಳು. ಈ ಎಲ್ಲ ಕಡೆಗಳಲ್ಲಿ ಯಾರು ಯಾರ ಡೇಂಜರಿನಲ್ಲಿ ಇದ್ದರು? ಅಪಾಯಕಾರಿ ಎನಿಸಿಕೊಂಡವರೇ ಹೆಸರಿಟ್ಟವರ ಹಿಡಿತದಲ್ಲಿದ್ದರು.

ನಮ್ಮ ವರ್ತಮಾನವನ್ನೂ ಹಳೆಯ ಅರ್ಥದಲ್ಲೇ ಓದಬಹುದು. ಎಚ್-1ಬಿ ವೀಸಾದವರು ಕೆಲಸ ಕಳೆದುಕೊಂಡರೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕದಿದ್ದರೆ, ಬೇರೆ ವೀಸಾದ ದಾರಿಯೂ ಇಲ್ಲದಿದ್ದರೆ, ಮಕ್ಕಳ ಶಾಲೆ, ಮನೆಯ ಸಾಲ ಎಲ್ಲ ಬಿಟ್ಟು ಹೊರಡಬೇಕು. ಕೊಲ್ಲಿ ನಾಡುಗಳ ಕಫಾಲಾ ಪದ್ಧತಿಯಲ್ಲಿ ಕೆಲಸಗಾರನ ವಾಸದ ಪರವಾನಗಿ ಕಫೀಲನ ಕೈಯಲ್ಲಿ. ಕೆಲವೆಡೆ ನಿಯಮ ಸಡಿಲಾಗಿದೆ; ಹಿಡಿತ ಪೂರ್ತಿ ಬಿಟ್ಟಿಲ್ಲ. ಮಂಗಳೂರಿನ ಕಟ್ಟಡ ಕಾರ್ಮಿಕನನ್ನೂ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರನನ್ನೂ ಸಂಬಳ ಬೇರ್ಪಡಿಸುತ್ತದೆ, ಈ ಅಧೀನತೆ ಒಂದುಗೂಡಿಸುತ್ತದೆ.

‘ನಮ್ಮ ಮ್ಯಾನೇಜರ್ ಒಳ್ಳೆಯವರು, ನಮ್ಮ ಕಫೀಲ್ ದೇವರಂಥವನು’ ಎಂದು ಹೇಳುವವರಿದ್ದಾರೆ. ನಿಜವೇ ಇರಬಹುದು. ನಮ್ಮೂರುಗಳಲ್ಲಿ ಜೀತ ಇರಿಸಿಕೊಂಡ ಧಣಿಗಳ ಪೈಕಿಯೂ ಹೊಟ್ಟೆತುಂಬ ಉಣಬಡಿಸಿದವರಿದ್ದರು. ಹಾಗೆಂದು 1976ರ ಜೀತ ನಿರ್ಮೂಲನ ಕಾಯಿದೆ ಒಳ್ಳೆಯ ಧಣಿಗಳಿಗೆ ವಿನಾಯಿತಿ ಕೊಡಲಿಲ್ಲ. ಫಿಲಿಪ್ ಪೆಟಿಟ್, ಕ್ವೆಂಟಿನ್ ಸ್ಕಿನ್ನರ್ ಅವರಂಥ ಚಿಂತಕರು ರೋಮನ್ ಪರಂಪರೆಯಿಂದ ಎತ್ತಿಕೊಂಡ ವಾದವೂ ಇದೇ: ದಯಾಳು ಒಡೆಯನ ದಾಸನೂ ದಾಸನೇ, ಏಕೆಂದರೆ ಆ ದಯೆ ನಾಳೆ ನಿಲ್ಲಬಹುದು. ಅವನು ಪ್ರತಿದಿನ ಒಡೆಯನ ಮುಖ ನೋಡಿ ಮಾತನ್ನು ಅಳೆಯಬೇಕು. ವೀಸಾ ನವೀಕರಣದ ಮುನ್ನ ಒಂದು ಮನವಿಗೆ ಸಹಿ ಹಾಕಲು, ಒಂದು ಮೆರವಣಿಗೆಗೆ ಹೋಗಲು ಹಿಂಜರಿದ ಪ್ರತಿಯೊಬ್ಬರಿಗೂ ಇದರ ಅರ್ಥ ಬೇಗ ಆಗುತ್ತದೆ.

ಹೀಗಾಗಿ ನನ್ನ ವಿನಂತಿ ಇಷ್ಟೇ. ವಲಸಿಗರು ಅಪಾಯಕಾರಿಗಳು ಎಂದು ಇಲ್ಲಿ ಯಾರಾದರೂ ಹೇಳಿದಾಗ, ಅಲ್ಪಸಂಖ್ಯಾತರು, ಅಲೆಮಾರಿಗಳು ಅಪಾಯಕಾರಿಗಳು ಎಂದು ನಮ್ಮದೇ ವಾಟ್ಸ್ಆಪ್ ಗುಂಪುಗಳಲ್ಲಿ ಬರೆದಾಗ, ಯಾರ ಬದುಕು ಯಾರ ಮರ್ಜಿಯಲ್ಲಿದೆ ಎಂದು ಕೇಳಿ. ಇಲ್ಲಿ ಮಾತ್ರ ಕೇಳಿ ಅಲ್ಲಿ ಸುಮ್ಮನಿದ್ದರೆ, ನಾವು ಬಯಸುತ್ತಿರುವುದು ಒಡೆತನದಲ್ಲಿ ನಮ್ಮ ಪಾಲನ್ನು ಮಾತ್ರ.